ಇನ್‌ಬಾಕ್ಸ್‌ಗೆ ಇಣುಕುವ ಚಟ: ಅದು ಹೇಗೆ ಅಂಟುತ್ತದೆ, ಹೇಗೆ ಬಿಡುತ್ತದೆ

ಇಮೇಲ್ ನೋಡುವುದರಲ್ಲಿ ಎರಡು ಬಗೆಯಿದೆ. ಒಂದು ವಿಲೇವಾರಿ. ಕೂತು ಬಂದದ್ದನ್ನೆಲ್ಲ ಓದಿ, ಉತ್ತರ ಬೇಕಾದ್ದಕ್ಕೆ ಉತ್ತರ ಬರೆದು, ಬೇಡದ್ದನ್ನು ಅಳಿಸಿ, ಉಳಿದದ್ದನ್ನು ಯಾವಾಗ ಮಾಡುವುದೆಂದು ಗುರುತು ಹಾಕಿ ಎದ್ದುಬಿಡುವುದು. ಇನ್ನೊಂದು ಇಣುಕು. ಏನಾದರೂ ಬಂತೇ ಎಂದು ಬಾಗಿಲು ಸರಿಸಿ ನೋಡಿ ಮತ್ತೆ ಮುಚ್ಚುವುದು.

ಇಣುಕಿದಾಗ ಏನಾಗುತ್ತದೆ ಗಮನಿಸಿ. ದಪ್ಪಕ್ಷರದ ನಾಲ್ಕು ಸಾಲು ಕಾಣುತ್ತವೆ. ಮೂರು ಜಾಹೀರಾತು. ನಾಲ್ಕನೆಯದು ಯಾರೋ ಕೇಳಿದ ಪ್ರಶ್ನೆ. ಉತ್ತರಿಸಲು ಹತ್ತು ನಿಮಿಷ ಬೇಕು, ಈಗ ಪುರುಸೊತ್ತಿಲ್ಲ. ಅದನ್ನು ಮತ್ತೆ 'ಓದಿಲ್ಲ' ಎಂದು ಗುರುತು ಮಾಡಿ ಮುಚ್ಚುತ್ತೀರಿ. ಮುಕ್ಕಾಲು ನಿಮಿಷ ಹೋಯಿತು, ಒಂದು ಕೆಲಸವೂ ಮುಗಿಯಲಿಲ್ಲ, ತಲೆಯಲ್ಲಿ ಹೊಸದೊಂದು ಬಾಕಿ ಸೇರಿತು. ಸಂಜೆಯೊಳಗೆ ಅದೇ ಮೇಲನ್ನು ಇನ್ನೂ ಮೂರು ಸಲ ತೆರೆದು ಓದುತ್ತೀರಿ. ದಿನವೆಲ್ಲ ಇಮೇಲ್‌ನಲ್ಲೇ ಕಳೆದರೂ ಇನ್‌ಬಾಕ್ಸ್ ಖಾಲಿಯಾಗದಿರುವ ಗುಟ್ಟು ಇಷ್ಟೇ: ಇಣುಕಿದ್ದು ಬಹಳ, ವಿಲೇವಾರಿ ಮಾಡಿದ್ದು ಸ್ವಲ್ಪ.

ಹಾಗಾಗಿ ಬಿಡಬೇಕಾದದ್ದು ಇಮೇಲನ್ನಲ್ಲ, ಇಣುಕನ್ನು. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ "ಇನ್ನು ಮೇಲೆ ಮೇಲ್ ಕಡಿಮೆ ನೋಡುತ್ತೇನೆ" ಎಂದು ಶಪಥ ಮಾಡಿದವರು ಸಾಮಾನ್ಯವಾಗಿ ನಾಲ್ಕನೇ ದಿನಕ್ಕೆ ಸೋಲುತ್ತಾರೆ. ಕೆಲಸ ರಾಶಿ ಬಿದ್ದು, ಭಯವಾಗಿ, ಮೊದಲಿಗಿಂತ ಹೆಚ್ಚು ನೋಡತೊಡಗುತ್ತಾರೆ.

ಹಕ್ಕಿ ಮತ್ತು ಕಾಳು

ಈ ಚಟವನ್ನು ಜೂಜಿನ ಯಂತ್ರಕ್ಕೆ ಹೋಲಿಸುವುದು ವಾಡಿಕೆ. ಹೋಲಿಕೆ ಅರ್ಧ ಮಾತ್ರ ಸರಿ, ಮತ್ತು ತಪ್ಪಿರುವ ಅರ್ಧದಲ್ಲೇ ಉಪಾಯ ಅಡಗಿದೆ.

ಚಾರ್ಲ್ಸ್ ಫರ್‌ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪಾರಿವಾಳಗಳು ಗುಂಡಿಯೊಂದನ್ನು ಕುಕ್ಕಿದರೆ ಕಾಳು ಸಿಗುತ್ತಿತ್ತು. ಕಾಳು ಯಾವ ಲೆಕ್ಕದಲ್ಲಿ ಬೀಳುತ್ತದೆ ಎಂಬುದರ ಮೇಲೆ ಹಕ್ಕಿ ಕುಕ್ಕುವ ರೀತಿಯೇ ಬದಲಾಗುತ್ತಿತ್ತು. ಜೂಜಿನ ಯಂತ್ರದ ಲೆಕ್ಕದಲ್ಲಿ, ಎಷ್ಟನೇ ಕುಕ್ಕಿಗೆ ಕಾಳು ಎಂಬುದು ಗೊತ್ತಿರುವುದಿಲ್ಲ, ಆದರೆ ಹೆಚ್ಚು ಕುಕ್ಕಿದರೆ ಹೆಚ್ಚು ಕಾಳು ಬರುವುದು ಖಚಿತ. ಹಕ್ಕಿ ಭರಭರನೆ ಕುಕ್ಕುತ್ತದೆ. ಇನ್ನೊಂದು ಲೆಕ್ಕದಲ್ಲಿ ಕಾಳು ಕಾಲಕ್ಕೆ ಕಟ್ಟುಬಿದ್ದಿರುತ್ತದೆ. ಇಂತಿಷ್ಟು ಎಂದು ಗೊತ್ತಿಲ್ಲದ ಹೊತ್ತು ಕಳೆದ ಮೇಲೆ ಮೊದಲ ಕುಕ್ಕಿಗೆ ಕಾಳು. ನಡುವೆ ಸಾವಿರ ಸಲ ಕುಕ್ಕಿದರೂ ಅದು ಬೇಗ ಬರುವುದಿಲ್ಲ. ಇಮೇಲ್ ಹೆಚ್ಚುಕಡಿಮೆ ಈ ಎರಡನೇ ಜಾತಿಗೆ ಸೇರಿದ್ದು. ನೀವು ಹತ್ತು ಸಲ ತೆರೆದಿರೆಂದು ಮೇಲ್ ಬೇಗ ಬರುವುದಿಲ್ಲವಲ್ಲ.

ಈ ಲೆಕ್ಕದಲ್ಲಿ ಸಿಕ್ಕ ಹಕ್ಕಿಗೆ ಆವೇಶವಿರುವುದಿಲ್ಲ. ನಿಧಾನವಾಗಿ, ಒಂದೇ ಸಮನೆ, ಬಿಡದೆ ಕುಕ್ಕುತ್ತದೆ. ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಇನ್‌ಬಾಕ್ಸ್ ನೋಡುವವರ ಚಹರೆ ಇದೇ ಅಲ್ಲವೇ? ಖುಷಿಯೂ ಇಲ್ಲ, ಉದ್ವೇಗವೂ ಇಲ್ಲ. ಕೈ ತಾನಾಗಿ ಹೋಗುತ್ತದೆ.

ಈಗ ಉಪಾಯದ ಮಾತು. ಅದೇ ಪ್ರಯೋಗಗಳಲ್ಲಿ ಕಾಳು ನಿಗದಿತ ಹೊತ್ತಿಗೇ ಬೀಳುವಂತೆ ಮಾಡಿದಾಗ ಹಕ್ಕಿ ಕಾಳು ತಿಂದು ಸುಮ್ಮನೆ ನಿಲ್ಲುತ್ತಿತ್ತು. ಮುಂದಿನ ಹೊತ್ತು ಹತ್ತಿರ ಬಂದ ಹಾಗೆ ಮಾತ್ರ ಮತ್ತೆ ಕುಕ್ಕಲು ಶುರು. ಅಂದರೆ ತುಡಿತವನ್ನು ತಗ್ಗಿಸಿದ್ದು ಕಾಳಿನ ಕೊರತೆಯಲ್ಲ, ಹೊತ್ತಿನ ಖಚಿತತೆ. "ಸ್ವಲ್ಪ ಕಡಿಮೆ ಇಣುಕುತ್ತೇನೆ" ಎಂಬ ತೀರ್ಮಾನ ಯಾಕೆ ಫಲಿಸುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಲವತ್ತು ಸಲದ ಬದಲು ಇಪ್ಪತ್ತು ಸಲ, ಆದರೆ ಮನಸ್ಸು ಬಂದಾಗ ಎಂದಾದರೆ, ಕಾಳು ಮತ್ತೆ ಅನಿಶ್ಚಿತವಾಗಿಯೇ ಬೀಳುತ್ತದೆ. ಚಟಕ್ಕೆ ಗೊಬ್ಬರ ಹಾಕಿದ ಹಾಗೆ. ಗಡಿಯಾರ ನೋಡಿ ತೆರೆಯುವುದು ಬೇರೆಯೇ ಸಂಗತಿ.

ಹೋಲಿಕೆಯ ಇನ್ನರ್ಧ ಎಲ್ಲಿ ಸರಿ ಎಂದರೆ, ಉತ್ತರಿಸುವುದರಲ್ಲಿ. ನೀವು ಬೇಗ ಉತ್ತರಿಸಿದಷ್ಟೂ ಮರು ಉತ್ತರಗಳು ಬೇಗ ಬರುತ್ತವೆ. ಆಗ ಹೆಚ್ಚು ಕುಕ್ಕಿದರೆ ಹೆಚ್ಚು ಕಾಳು ಎಂಬ ಲೆಕ್ಕ ಶುರುವಾಗುತ್ತದೆ. ತುರಿಸಿದಷ್ಟೂ ನವೆ.

ಆರು ಸೆಕೆಂಡಿನ ಸೆಳೆತ

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಥಾಮಸ್ ಜಾಕ್ಸನ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲೇ ಒಂದು ಕಂಪನಿಯ ನೌಕರರ ಕಂಪ್ಯೂಟರ್‌ಗಳನ್ನು ಗಮನಿಸಿದ್ದರು. ಬಂದ ಮೇಲ್‌ಗಳಲ್ಲಿ ಶೇಕಡಾ 70ಕ್ಕೆ ಜನ ಆರು ಸೆಕೆಂಡಿನೊಳಗೆ ಸ್ಪಂದಿಸುತ್ತಿದ್ದರು. ಫೋನ್ ಎತ್ತುವುದಕ್ಕಿಂತ ಅವಸರ. ಮೇಲ್ ನೋಡಿ ಮೊದಲಿನ ಕೆಲಸಕ್ಕೆ ಅದೇ ವೇಗದಲ್ಲಿ ಮರಳಲು ಸರಾಸರಿ 64 ಸೆಕೆಂಡ್ ಹಿಡಿಯುತ್ತಿತ್ತು.

64 ಸೆಕೆಂಡ್ ಕೇಳಲು ಸಣ್ಣದು. ಆದರೆ ಕೈ ಮರಳಿದ ಮಾತ್ರಕ್ಕೆ ಗಮನ ಪೂರ್ತಿ ಮರಳಿತೆಂದಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಚೂರು ಹಿಂದೆಯೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಇಣುಕು ನೋಟದ ಮೇಲ್ ಯಾವತ್ತೂ ಅರ್ಧಕ್ಕೆ ಬಿಟ್ಟ ಕೆಲಸವೇ. ಗ್ಲೋರಿಯಾ ಮಾರ್ಕ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ಮಂದಿ ನೌಕರರಿಗೆ ಐದು ಕೆಲಸದ ದಿನ ಇಮೇಲನ್ನೇ ನಿಲ್ಲಿಸಲಾಯಿತು. ಇಮೇಲ್ ಇದ್ದಾಗ ಗಂಟೆಗೆ ಸರಾಸರಿ 37 ಸಲ ಪರದೆಯ ಕಿಟಕಿ ಬದಲಿಸುತ್ತಿದ್ದವರು ಇಲ್ಲದಾಗ 18ಕ್ಕೆ ಇಳಿದರು, ಹೃದಯ ಬಡಿತದ ಅಳತೆಯಲ್ಲೂ ಒತ್ತಡ ತಗ್ಗಿತ್ತು. ಹದಿಮೂರು ಜನ ಎಂದರೆ ಸಣ್ಣ ಗುಂಪು, ಅದರ ಮೇಲೆ ಮಹಲು ಕಟ್ಟಬೇಕಿಲ್ಲ. ಆದರೆ ದಿಕ್ಕು ಸ್ಪಷ್ಟವಿದೆ.

ಮೂರು ದಿನ ಬರೀ ಲೆಕ್ಕ

ಏನನ್ನೂ ಬದಲಿಸುವ ಮೊದಲು ಮೂರು ಕೆಲಸದ ದಿನ ಲೆಕ್ಕ ಬರೆಯಿರಿ. ಕೀಬೋರ್ಡಿನ ಪಕ್ಕ ಒಂದು ಹಾಳೆ. ಇನ್‌ಬಾಕ್ಸ್ ತೆರೆದಾಗೆಲ್ಲ ಒಂದು ಗೀಟು, ಗೀಟಿನ ಪಕ್ಕ ಒಂದಕ್ಷರ. ಸದ್ದು ಅಥವಾ ಸಂಖ್ಯೆ ಕಂಡು ತೆರೆದರೆ 'ಸ'. ನಿರ್ದಿಷ್ಟವಾದ ಯಾವುದೋ ಉತ್ತರಕ್ಕೆ ಕಾಯುತ್ತಿದ್ದರೆ 'ಕಾ'. ಹಳೆಯದೇನನ್ನೋ ಹುಡುಕಲು ಅಥವಾ ಹೊಸದಾಗಿ ಕಳಿಸಲು ಹೋಗಿದ್ದರೆ 'ಹು'. ಮಾಡುತ್ತಿದ್ದ ಕೆಲಸ ಬೇಸರವಾಗಿ, ಕಷ್ಟವಾಗಿ ಅಥವಾ ಸುಮ್ಮನೆ ಕೈ ಹೋಗಿ ತೆರೆದಿದ್ದರೆ 'ಬೇ'. ನಿಜವಾಗಿ ಕೂತು ವಿಲೇವಾರಿ ಮಾಡಿದ್ದರೆ 'ವಿ'. ಫೋನಿನಲ್ಲಿ ತೆರೆದದ್ದೂ ಲೆಕ್ಕಕ್ಕೆ ಬರಬೇಕು. ಬಹಳ ಜನರ ಅರ್ಧದಷ್ಟು ಇಣುಕು ಅಲ್ಲೇ ಇರುತ್ತದೆ.

ಬರೆಯುವಾಗಲೇ ಇಣುಕು ಸ್ವಲ್ಪ ಇಳಿಯುತ್ತದೆ, ಅದಕ್ಕೆ ಹಿಗ್ಗಬೇಡಿ, ಹಾಳೆ ತೆಗೆದರೆ ಮತ್ತೆ ಏರುತ್ತದೆ. ನಮಗೆ ಬೇಕಾದದ್ದು ಒಟ್ಟು ಸಂಖ್ಯೆಯಲ್ಲ, ಅಕ್ಷರಗಳ ಹಂಚಿಕೆ. ಯಾಕೆಂದರೆ ಪ್ರತಿ ಅಕ್ಷರಕ್ಕೂ ಮದ್ದು ಬೇರೆ. 'ಹು' ಹೆಚ್ಚಿರುವವರು ನೋಟಿಫಿಕೇಶನ್ ಆರಿಸಿದರೆ ಏನೂ ಆಗುವುದಿಲ್ಲ. 'ಬೇ' ಹೆಚ್ಚಿರುವವರಿಗೆ ಫಿಲ್ಟರ್ ಹಾಕಿಕೊಟ್ಟರೆ ಅವರು ಖಾಲಿ ಇನ್‌ಬಾಕ್ಸನ್ನೇ ಇಣುಕುತ್ತಾರೆ.

ಮೊದಲು ತುರ್ತಿಗೆ ಬೇರೆ ದಾರಿ

ಇಣುಕುವವರ ತಲೆಯ ಹಿಂಭಾಗದಲ್ಲಿ ಒಂದು ವಾಕ್ಯ ಕೂತಿರುತ್ತದೆ: ತುರ್ತಾದದ್ದು ಬಂದಿದ್ದರೆ? ಈ ವಾಕ್ಯವನ್ನು ಎಬ್ಬಿಸಿ ಕಳಿಸದೆ ಬೇರೆ ಯಾವ ಉಪಾಯವೂ ನಿಲ್ಲುವುದಿಲ್ಲ.

ನಿಜದಲ್ಲಿ ಇಮೇಲ್ ತುರ್ತಿಗೆಂದು ಹುಟ್ಟಿದ್ದೇ ಅಲ್ಲ. ಮೇಲ್‌ಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯ 2008ರ ಆವೃತ್ತಿಯ ಪ್ರಕಾರ, ಎದುರಿನ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಕನಿಷ್ಠ 30 ನಿಮಿಷ ಬಿಟ್ಟು ಮತ್ತೆ ಯತ್ನಿಸಬೇಕು, ಕೈಬಿಡುವ ಮುನ್ನ ಸಾಮಾನ್ಯವಾಗಿ 4–5 ದಿನವಾದರೂ ಕಾಯಬೇಕು. ಯಂತ್ರಗಳೇ ಐದು ದಿನದ ತಾಳ್ಮೆ ಇಟ್ಟುಕೊಂಡಿವೆ. ಐದು ನಿಮಿಷದ ನಿರೀಕ್ಷೆ ಮನುಷ್ಯರು ಸೇರಿಸಿದ್ದು.

ಆ ನಿರೀಕ್ಷೆಯೂ ಬಹುಪಾಲು ನಮ್ಮ ಊಹೆ. ಲಾರಾ ಜುರ್ಜೆ ಮತ್ತು ವನೆಸ್ಸಾ ಬೋನ್ಸ್ 2021ರಲ್ಲಿ ಪ್ರಕಟಿಸಿದ ಎಂಟು ಅಧ್ಯಯನಗಳಲ್ಲಿ, ತುರ್ತಲ್ಲದ ಕಚೇರಿ ಮೇಲ್‌ಗಳಿಗೆ ಎಷ್ಟು ಬೇಗ ಉತ್ತರ ಬೇಕು ಎಂಬುದನ್ನು ಪಡೆದವರು ಕಳಿಸಿದವರಿಗಿಂತ ಅತಿಯಾಗಿ ಅಂದಾಜಿಸುತ್ತಿದ್ದರು. ಕಳಿಸಿದವರು "ಇದು ತುರ್ತಲ್ಲ, ಬಿಡುವಾದಾಗ ಉತ್ತರಿಸಿ" ಎಂದು ಒಂದು ಸಾಲು ಸೇರಿಸಿದಾಗ ಆ ಅಂತರ ಇಳಿಯಿತು. ನೀವು ಕಳಿಸುವ ಮೇಲ್‌ಗಳಿಗೂ ಈ ಸಾಲು ಸೇರಿಸಬಹುದು. ಬೇರೆಯವರ ಚಟಕ್ಕೆ ನಿಮ್ಮ ಕಡೆಯಿಂದ ತುಪ್ಪ ಸುರಿಯದ ಹಾಗಾಗುತ್ತದೆ.

ಹಾಗೆಂದು ತುರ್ತು ಇಲ್ಲವೇ ಇಲ್ಲ ಎನ್ನಲಾಗದು. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು, ಆದ್ದರಿಂದ ದಾರಿಯನ್ನು ಮುಂಚೆಯೇ ಮಾಡಿಡಬೇಕು. ನಿಮ್ಮಿಂದ ನಿಜಕ್ಕೂ ಒಂದು ಗಂಟೆಯೊಳಗೆ ಉತ್ತರ ಬೇಕಾಗಬಹುದಾದವರ ಪಟ್ಟಿ ಮಾಡಿ. ಸಾಮಾನ್ಯವಾಗಿ ಮೂರರಿಂದ ಆರು ಹೆಸರು ಬರುತ್ತವೆ. ಇಪ್ಪತ್ತು ಬಂದರೆ ಪಟ್ಟಿ ತಪ್ಪಿದೆ, ಇಲ್ಲವೇ ನಿಮ್ಮ ಕೆಲಸವೇ ಗ್ರಾಹಕ ಸಹಾಯದಂಥದ್ದು. ಅದರ ಮಾತು ಮುಂದೆ ಬರುತ್ತದೆ. ಅವರಿಗೆ ಇಷ್ಟು ಹೇಳಿ: "ಮೇಲನ್ನು ಬೆಳಿಗ್ಗೆ ಹತ್ತೂವರೆ, ಮಧ್ಯಾಹ್ನ ಎರಡು, ಸಂಜೆ ನಾಲ್ಕೂವರೆಗೆ ನೋಡುತ್ತೇನೆ. ಅಷ್ಟು ಹೊತ್ತು ಕಾಯಲಾಗದ್ದಿದ್ದರೆ ಫೋನ್ ಮಾಡಿ." ಕ್ಷಮೆ ಕೇಳುವುದು, ಚಟದ ಬಗ್ಗೆ ವಿವರಣೆ, ಉತ್ಪಾದಕತೆಯ ಭಾಷಣ ಯಾವುದೂ ಬೇಡ. ಎಲ್ಲ ಮೇಲ್‌ಗಳಿಗೂ ತಾನಾಗಿ ಹೋಗುವ "ನಾನು ದಿನಕ್ಕೆ ಮೂರು ಸಲ ಮಾತ್ರ…" ಎಂಬ ಉತ್ತರವಂತೂ ಬೇಡವೇ ಬೇಡ. ಅದು ಇನ್ನೊಬ್ಬರ ಇನ್‌ಬಾಕ್ಸ್‌ಗೆ ಕಸ, ಮತ್ತು ಓದಿದವರಿಗೆ ಸಿಟ್ಟು.

'ಫೋನ್ ಮಾಡಿ' ಎಂಬುದರಲ್ಲಿ ಒಂದು ಲೆಕ್ಕಾಚಾರವಿದೆ. ಚಾಟ್‌ನಲ್ಲಿ ಸಂದೇಶ ಹಾಕಿ ಎಂದರೆ ಎಲ್ಲರೂ ಎಲ್ಲದಕ್ಕೂ ಹಾಕುತ್ತಾರೆ, ಇಣುಕು ಅಲ್ಲಿಗೆ ಮನೆ ಬದಲಿಸುತ್ತದೆ. ಫೋನ್ ಮಾಡುವುದಕ್ಕೆ ಕಳಿಸುವವರಿಗೂ ಸ್ವಲ್ಪ ಶ್ರಮವಿದೆ. ಆ ಶ್ರಮವೇ ಜರಡಿ.

ಸದ್ದು, ಸಂಖ್ಯೆ, ಎಳೆತ

ಇನ್ನು 'ಸ'. ಇದು ಅತಿ ಸುಲಭ, ಒಂದು ಸಲ ಕೂತರೆ ಹತ್ತು ನಿಮಿಷದ ಕೆಲಸ. ಆದರೆ ಜನ ಅರ್ಧ ಮಾಡಿ ಬಿಡುತ್ತಾರೆ: ಸದ್ದು ಆರಿಸುತ್ತಾರೆ, ಐಕಾನಿನ ಮೇಲಿನ ಕೆಂಪು ಸಂಖ್ಯೆ ಉಳಿಸುತ್ತಾರೆ. ನೋಟಿಫಿಕೇಶನ್ ಬಂತೆಂದು ಗೊತ್ತಾದರೆ ಸಾಕು, ಫೋನ್ ಮುಟ್ಟದಿದ್ದರೂ ಕೆಲಸದಲ್ಲಿ ತಪ್ಪು ಹೆಚ್ಚುತ್ತದೆ ಎಂದು 2015ರ ಪ್ರಯೋಗವೊಂದು ತೋರಿಸಿದೆ. ಹಾಗಾಗಿ ಸದ್ದು, ಕಂಪನ, ಬ್ಯಾನರ್, ಸಂಖ್ಯೆ ನಾಲ್ಕೂ ಹೋಗಬೇಕು.

ಜಿಮೇಲ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಖಾತೆಯ ಹೆಸರು ಒತ್ತಿ, ನೋಟಿಫಿಕೇಶನ್ಸ್‌ನಲ್ಲಿ 'ನನ್' (ಯಾವುದೂ ಬೇಡ) ಎಂಬುದನ್ನು ಆಯ್ದುಕೊಳ್ಳಿ. ಎರಡು ಖಾತೆಗಳಿದ್ದರೆ ಎರಡಕ್ಕೂ ಬೇರೆಬೇರೆಯಾಗಿ ಮಾಡಬೇಕು, ಮರೆಯುವುದು ಇದನ್ನೇ. ಐಫೋನಿನ ಮೇಲ್ ಆ್ಯಪ್‌ಗೆ ನೋಟಿಫಿಕೇಶನ್ ಆರಿಸಿದ ಮೇಲೆ ಇನ್ನೊಂದು ಹೆಜ್ಜೆ ಇದೆ. ಮೇಲ್ ಸೆಟ್ಟಿಂಗ್ಸ್‌ನ ಖಾತೆಗಳ ವಿಭಾಗದಲ್ಲಿ 'ಫೆಚ್ ನ್ಯೂ ಡೇಟಾ' ಎಂಬುದಿದೆ. ಅಲ್ಲಿ 'ಪುಶ್' (ಮೇಲ್ ಬಂದ ಕೂಡಲೇ ಫೋನಿಗೆ ತಲುಪಿಸುವುದು) ನಿಲ್ಲಿಸಿ, 'ಮ್ಯಾನ್ಯುಯಲಿ' ಒತ್ತಿದರೆ ನೀವು ಆ್ಯಪ್ ತೆರೆಯುವವರೆಗೆ ಮೇಲ್ ಫೋನಿಗೆ ಬರುವುದೇ ಇಲ್ಲ. ಕಂಪ್ಯೂಟರಿನ ಹಳೆಯ ಔಟ್‌ಲುಕ್‌ನಲ್ಲಿ ಫೈಲ್, ಆಪ್ಶನ್ಸ್, ಮೇಲ್ ದಾರಿಯಲ್ಲಿ 'ಮೆಸೇಜ್ ಅರೈವಲ್' ಕೆಳಗಿನ ನಾಲ್ಕು ಚೌಕಗಳ ಗುರುತನ್ನೂ ತೆಗೆಯಿರಿ. ಅಲ್ಲೇ 'ಅಡ್ವಾನ್ಸ್‌ಡ್' ವಿಭಾಗದಲ್ಲಿ ಔಟ್‌ಲುಕ್ ಯಾವ ಫೋಲ್ಡರಿನಲ್ಲಿ ತೆರೆಯಬೇಕು ಎಂದು ಹೇಳಬಹುದು. ಇನ್‌ಬಾಕ್ಸ್ ಬದಲು ಕ್ಯಾಲೆಂಡರ್ ಕೊಡಿ. ಬೆಳಿಗ್ಗೆ ತೆರೆದ ತಕ್ಷಣ ಕಣ್ಣಿಗೆ ಬೀಳುವುದು ಇಂದಿನ ಕೆಲಸಗಳಾಗುತ್ತವೆ, ಇನ್ನೊಬ್ಬರ ಬೇಡಿಕೆಗಳಲ್ಲ. ಬ್ರೌಸರ್‌ನಲ್ಲಿ ಮೇಲ್ ನೋಡುವವರು ಟ್ಯಾಬನ್ನು ಮುಚ್ಚಲೇಬೇಕು. ತೆರೆದಿಟ್ಟ ಟ್ಯಾಬಿನ ತಲೆಯ ಮೇಲೆ ಆವರಣದೊಳಗಿನ ಸಂಖ್ಯೆ ಒಂದೊಂದೇ ಏರುತ್ತಿರುತ್ತದೆ.

'ಕಾ' ಗೀಟುಗಳಿಗೆ ಒಂದು ಕಿಂಡಿ ಬಿಡಬೇಕು. ಕೆಲಸದ ಕರೆ, ವೈದ್ಯಕೀಯ ವರದಿ, ಸಹಿ ಆಗಬೇಕಾದ ಕರಾರು, ಹೀಗೆ ಯಾವುದೋ ಒಂದು ಮೇಲ್‌ಗೆ ಕಾಯುವಾಗ ಇಣುಕಬೇಡಿ ಎಂದು ಹೇಳಿ ಫಲವಿಲ್ಲ. ಐಫೋನಿನಲ್ಲಿ ಆ ಕಳಿಸುವವರನ್ನು ವಿಐಪಿ ಪಟ್ಟಿಗೆ ಸೇರಿಸಿ, ಅವರಿಗೆ ಮಾತ್ರ ಸದ್ದು ಕೊಡಿ. ಈ ದಿನಗಳ ಮಟ್ಟಿಗೆ 'ಪುಶ್' ಮತ್ತೆ ಹಾಕಬೇಕು, ಇಲ್ಲದಿದ್ದರೆ ಮೇಲೂ ಬರದು, ಸದ್ದೂ ಬರದು. ಆಂಡ್ರಾಯ್ಡ್‌ನ ಜಿಮೇಲ್‌ನಲ್ಲಿ ಒಂದು ಲೇಬಲ್ ಮಾಡಿ, ಆ ವಿಳಾಸದ ಮೇಲ್ ತಾನಾಗಿ ಅದರೊಳಗೆ ಹೋಗುವಂತೆ ಫಿಲ್ಟರ್ ಹಾಕಿ, ಆ ಲೇಬಲ್ಲಿಗೆ ಮಾತ್ರ ನೋಟಿಫಿಕೇಶನ್ ಹಚ್ಚಬಹುದು. ಮೇಲ್ ಬಂದ ದಿನವೇ ಕಿಂಡಿ ಮುಚ್ಚಿ. ಮುಚ್ಚದಿದ್ದರೆ ಆರು ತಿಂಗಳಲ್ಲಿ ಪಟ್ಟಿಯಲ್ಲಿ ಮೂವತ್ತು ಜನರಿರುತ್ತಾರೆ.

ಕಳಿಸಲು ಹೋಗಿ ಸಿಕ್ಕಿಬೀಳುವುದು

ಹೆಚ್ಚಿನ ಸಲಹೆಗಳು ಬಿಟ್ಟುಬಿಡುವ ಭಾಗ ಇದು. ಲೆಕ್ಕದ ಹಾಳೆಯಲ್ಲಿ 'ಹು' ಅನೇಕರು ಊಹಿಸಿದ್ದಕ್ಕಿಂತ ಹೆಚ್ಚು ಬರುತ್ತದೆ. ಒಂದು ಫೈಲ್ ಬೇಕು, ಒಂದು ವಿಳಾಸ ಬೇಕು, ಯಾರಿಗೋ ಎರಡು ಸಾಲು ಕಳಿಸಬೇಕು ಎಂದು ಹೋದರೆ ದಾರಿ ಇರುವುದೇ ಇನ್‌ಬಾಕ್ಸ್ ಮೂಲಕ. ಹೋದ ಕೆಲಸ ಮರೆತು ಹೊಸ ಮೇಲ್ ಓದುತ್ತ ಕೂರುತ್ತೀರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಕಳಿಸುವುದಕ್ಕೆ ಪಕ್ಕದ ಬಾಗಿಲಿದೆ. ಆಂಡ್ರಾಯ್ಡ್ ಫೋನಿನಲ್ಲಿ ಜಿಮೇಲ್ ಐಕಾನನ್ನು ಒತ್ತಿ ಹಿಡಿದರೆ 'ಕಂಪೋಸ್' ಎಂಬ ಆಯ್ಕೆ ಬರುತ್ತದೆ, ಅದನ್ನು ಎಳೆದು ಮುಖಪುಟದಲ್ಲಿ ಇಡಬಹುದು. ಇನ್‌ಬಾಕ್ಸ್ ಕಾಣದೆ ನೇರ ಖಾಲಿ ಪತ್ರ ತೆರೆಯುತ್ತದೆ. ಇನ್ನೂ ಸರಳ ದಾರಿಯೆಂದರೆ, ಕಳಿಸಬೇಕಾದ್ದನ್ನು ಒಂದು ನೋಟ್ಸ್ ಫೈಲಿನಲ್ಲಿ ಬರೆದಿಡುವುದು, ಮೇಲ್ ನೋಡುವ ಮುಂದಿನ ಹೊತ್ತಿಗೆ ಒಟ್ಟಿಗೆ ಕಳಿಸುವುದು. ಹೀಗೆ ಬರೆದಿಟ್ಟ ಐದರಲ್ಲಿ ಒಂದೆರಡು ಆ ಹೊತ್ತಿಗೆ ಬೇಡವೇ ಆಗಿರುತ್ತವೆ, ಅದು ಲಾಭ.

ಹುಡುಕುವುದಕ್ಕೆ ಮುಂಜಾಗ್ರತೆಯೇ ಮದ್ದು. ವಿಲೇವಾರಿಯ ಹೊತ್ತಿನಲ್ಲಿ ಲಗತ್ತಾದ ಫೈಲುಗಳನ್ನು ಆಯಾ ಕೆಲಸದ ಫೋಲ್ಡರಿಗೆ ಇಳಿಸಿಕೊಳ್ಳಿ, ಸಭೆಯ ಲಿಂಕನ್ನು ಕ್ಯಾಲೆಂಡರಿಗೆ ಅಂಟಿಸಿ. ಇನ್‌ಬಾಕ್ಸ್ ಗೋದಾಮು ಆದಷ್ಟೂ ಅದಕ್ಕೆ ಹೋಗುವ ನೆಪ ಹೆಚ್ಚು. ಒಟಿಪಿ ಇನ್ನೊಂದು ದೊಡ್ಡ ನೆಪ. ಲಾಗಿನ್ ಸಂಕೇತ ಮೇಲ್‌ಗೆ ಬರುವ ಸೇವೆಗಳಲ್ಲಿ ಸಂಕೇತವನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿಕೊಳ್ಳುವ ಅವಕಾಶವಿದ್ದರೆ ಬದಲಿಸಿ; ಭದ್ರತೆಗೂ ಅದು ಮೇಲು. ಆಗದಿದ್ದರೆ ಅಂಥ ಸೇವೆಗಳಿಗೆಂದೇ ಪ್ರತ್ಯೇಕ ವಿಳಾಸವೊಂದನ್ನು ಇಟ್ಟುಕೊಳ್ಳಬಹುದು. ಅಲ್ಲಿ ಇಣುಕಿದರೆ ಸಿಗುವುದು ಆರು ಅಂಕಿ ಮಾತ್ರ.

ಬೇಸರದ ಇಣುಕು

'ಬೇ' ಎಂಬುದೇ ಗಟ್ಟಿ ಬೇರು. ಬರೆಯುತ್ತಿರುವ ವರದಿಯಲ್ಲಿ ಮುಂದಿನ ವಾಕ್ಯ ಹೊಳೆಯುತ್ತಿಲ್ಲ, ಲೆಕ್ಕ ತಾಳೆಯಾಗುತ್ತಿಲ್ಲ, ಫೈಲ್ ಡೌನ್‌ಲೋಡ್ ಆಗುತ್ತಿದೆ. ಕೈ ಮೇಲ್ ಕಡೆ ಹೋಗುತ್ತದೆ. ಇದು ಕುತೂಹಲವಲ್ಲ, ಪಲಾಯನ. ಅದೂ ಗೌರವದ ಪಲಾಯನ, ಯಾಕೆಂದರೆ ಮೇಲ್ ನೋಡುವುದು ಕೆಲಸದ ಹಾಗೇ ಕಾಣುತ್ತದೆ. ಚಟಗಳಲ್ಲಿ ಇಷ್ಟು ಸಂಭಾವಿತವಾದದ್ದು ಇನ್ನೊಂದಿಲ್ಲ.

ಎರಡು ಸಂಗತಿ ಇಲ್ಲಿ ನೆರವಾಗುತ್ತವೆ. ಒಂದು, ಅಡ್ಡಿ. ಕೈ ತಾನಾಗಿ ಹೋಗುವುದನ್ನು ತಡೆಯಲು ದೊಡ್ಡ ಗೋಡೆ ಬೇಡ, ಹತ್ತು ಸೆಕೆಂಡಿನ ತಡೆ ಸಾಕು. ಆ್ಯಪನ್ನು ಮುಖಪುಟದಿಂದ ತೆಗೆದು ಒಳಗಿಡಿ. ಬ್ರೌಸರ್‌ನಲ್ಲಿ ಪ್ರತಿ ಸಲ ಲಾಗ್‌ಔಟ್ ಮಾಡಿ. ಮೊದಲ ಎರಡು ವಾರ ಫೋನಿನಿಂದ ಆ್ಯಪನ್ನೇ ತೆಗೆದುಹಾಕಿದರೆ ಇನ್ನೂ ಒಳ್ಳೆಯದು. ಮೇಲ್‌ಗಳು ಸರ್ವರ್‌ನಲ್ಲಿರುತ್ತವೆ, ಆ್ಯಪ್ ತೆಗೆದರೆ ಅಳಿಯುವುದಿಲ್ಲ. ಆದರೆ ತೆಗೆಯುವ ಮುನ್ನ ಕಳಿಸದೆ ಔಟ್‌ಬಾಕ್ಸ್‌ನಲ್ಲಿ ಉಳಿದದ್ದು ಇದೆಯೇ ನೋಡಿಕೊಳ್ಳಿ.

ಎರಡು, ಬದಲಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಯ ಸಾರವೆಂದರೆ, "ಮಾಡುವುದಿಲ್ಲ" ಎಂಬ ಸಂಕಲ್ಪಕ್ಕಿಂತ "ಹೀಗಾದರೆ ಹೀಗೆ ಮಾಡುತ್ತೇನೆ" ಎಂಬ ಜೋಡಿ ವಾಕ್ಯ ಗಟ್ಟಿ. "ಕೈ ಮೇಲ್ ಕಡೆ ಹೋದರೆ, ಈ ಕೆಲಸದ ಮುಂದಿನ ಚಿಕ್ಕ ಹೆಜ್ಜೆ ಏನೆಂದು ಹಾಳೆಯಲ್ಲಿ ಒಂದು ಸಾಲು ಬರೆಯುತ್ತೇನೆ." ಬದಲಿ ಕೆಲಸ ಹಾಳೆಯ ಮೇಲಿರಲಿ. ಪರದೆಯ ಮೇಲಿದ್ದರೆ ಮೇಲ್ ಬದಲು ಸುದ್ದಿ ತಾಣ ತೆರೆದು ಕೂರುತ್ತೀರಿ, ಮತ್ತು ಅದು ಮೇಲ್‌ಗಿಂತ ಹೊತ್ತು ತಿನ್ನುತ್ತದೆ.

ಎಷ್ಟು ಸಲ, ಯಾವಾಗ

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೊಸ್ತಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 124 ಮಂದಿಯನ್ನು ಎರಡು ವಾರ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್, ಇನ್ನೊಂದು ವಾರ ಎಷ್ಟು ಬೇಕಾದರೂ. ಮಿತಿಯ ವಾರದಲ್ಲಿ ದಿನನಿತ್ಯದ ಒತ್ತಡ ಕಡಿಮೆಯಿತ್ತು. 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಫೋನಿನ ಎಲ್ಲ ನೋಟಿಫಿಕೇಶನ್‌ಗಳನ್ನು ಕಂತಿನಲ್ಲಿ ಕೊಟ್ಟು ನೋಡಿತು. ದಿನಕ್ಕೆ ಮೂರು ಕಂತು ಪಡೆದವರು ನೆಮ್ಮದಿಯಾಗಿದ್ದರು, ಗಂಟೆಗೊಂದು ಕಂತಿನಿಂದ ಹೇಳಿಕೊಳ್ಳುವಂಥ ಲಾಭವಿರಲಿಲ್ಲ, ಪೂರ್ತಿ ನಿಲ್ಲಿಸಿದವರಲ್ಲಿ ಆತಂಕವೇ ಏರಿತು. ಕೊನೆಯ ಮಾತು ಮುಖ್ಯ. ಇಣುಕನ್ನು ಒಮ್ಮೆಗೇ ಸೊನ್ನೆ ಮಾಡಿ, ನೋಡುವ ಹೊತ್ತನ್ನು ಕೊಡದಿದ್ದರೆ ಆತಂಕ ಆ ಜಾಗವನ್ನು ತುಂಬುತ್ತದೆ.

ಮೂರು ಎಂಬುದು ಮಂತ್ರವಲ್ಲ. ಈಗ ದಿನಕ್ಕೆ ಐವತ್ತು ಸಲ ಇಣುಕುವವರು ಮೊದಲ ವಾರ ಪ್ರತಿ ಒಂದೂವರೆ ಗಂಟೆಗೆ ಒಮ್ಮೆ ಎಂದು ಶುರು ಮಾಡಿ, ಎರಡನೇ ವಾರ ನಾಲ್ಕು, ಮೂರನೇ ವಾರ ಮೂರು ಎಂದು ಇಳಿಯುವುದು ವಾಸಿ. ಒಂದೊಂದು ಹೊತ್ತಿಗೂ 25ರಿಂದ 40 ನಿಮಿಷ ಮೀಸಲಿಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐದು ನಿಮಿಷದ ಹೊತ್ತು ಇಟ್ಟುಕೊಂಡರೆ ಅದು ಮತ್ತೆ ಇಣುಕೇ. ಮೊದಲ ಹೊತ್ತು ಕೆಲಸ ಶುರುವಾಗಿ ಒಂದು ಗಂಟೆಯ ಮೇಲಿರಲಿ. ಕೊನೆಯದು ಕೆಲಸ ಮುಗಿಸಿ ಏಳುವ ಮುನ್ನ ಮುಕ್ಕಾಲು ಗಂಟೆಗೆ ಮೊದಲೇ ಇರಲಿ, ಇಲ್ಲದಿದ್ದರೆ ಕಡೇ ಗಳಿಗೆಯಲ್ಲಿ ಕಂಡ ಮೇಲೊಂದು ನಿಮ್ಮ ಜೊತೆ ಮನೆಗೆ ಬರುತ್ತದೆ.

ಗ್ರಾಹಕ ಸಹಾಯ, ವ್ಯಾಪಾರದ ಆರ್ಡರ್, ಸುದ್ದಿ ಕೆಲಸ ಇಂಥವುಗಳಲ್ಲಿ ದಿನಕ್ಕೆ ಮೂರು ಎನ್ನುವುದು ಹುಡುಗಾಟ. ಅಲ್ಲಿ ಮೇಲೇ ಕೆಲಸ. ಅಂಥವರು ವಿಳಾಸವನ್ನು ಒಡೆಯಬೇಕು: ಆರ್ಡರ್ ಬರುವ ವಿಳಾಸ ಸದಾ ತೆರೆದಿರಲಿ, ಉಳಿದ ಪತ್ರವ್ಯವಹಾರದ ವಿಳಾಸಕ್ಕೆ ಹೊತ್ತು ಗೊತ್ತು ಮಾಡಿ.

ಕೂತ ಮೇಲೆ ಏನು ಮಾಡುವುದು

ಹೊತ್ತು ಬಂತು, ಕೂತಿರಿ. ಮೇಲಿನಿಂದ ಕೆಳಕ್ಕೆ ಒಂದೊಂದನ್ನೇ ತೆರೆಯಿರಿ, ಸುಲಭದ್ದನ್ನು ಹೆಕ್ಕುವ ಹಾಗಿಲ್ಲ, ತೆರೆದದ್ದನ್ನು ತೀರ್ಮಾನವಿಲ್ಲದೆ ಮುಚ್ಚುವ ಹಾಗಿಲ್ಲ. ಎರಡು ನಿಮಿಷದೊಳಗೆ ಮುಗಿಯುವ ಉತ್ತರವನ್ನು ಆಗಲೇ ಬರೆಯಿರಿ. ಹೆಚ್ಚು ಹೊತ್ತಿನದಾದರೆ ಅದು ಮೇಲ್ ಅಲ್ಲ, ಕೆಲಸ. ಕೆಲಸದ ಪಟ್ಟಿಗೆ ಏನು ಮಾಡಬೇಕು, ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆದು, ಮೇಲನ್ನು ಇನ್‌ಬಾಕ್ಸಿನಿಂದ ಆರ್ಕೈವ್‌ಗೆ ಸರಿಸಿ. ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡುಕೊಂಡಂತೆ, ಬಾಕಿ ಉಳಿದ ಕೆಲಸ ತಲೆ ಕೊರೆಯುವುದನ್ನು ನಿಲ್ಲಿಸಲು ಅದನ್ನು ಮುಗಿಸಲೇಬೇಕಿಲ್ಲ, ನಿರ್ದಿಷ್ಟ ಯೋಜನೆ ಹಾಕಿದರೂ ಸಾಕು. "ಆಮೇಲೆ ನೋಡೋಣ" ಯೋಜನೆಯಲ್ಲ; "ಗುರುವಾರ ಹನ್ನೊಂದಕ್ಕೆ" ಯೋಜನೆ.

ಔಟ್‌ಲುಕ್ ಇರುವವರು ವಿಲೇವಾರಿ ಶುರು ಮಾಡುವಾಗ ಒಮ್ಮೆ ಮೇಲ್ ಇಳಿಸಿಕೊಂಡು 'ವರ್ಕ್ ಆಫ್‌ಲೈನ್' ಒತ್ತಿಬಿಡಬಹುದು. ಹೊಸದು ಬಂದು ಸಾಲನ್ನು ಕೆಡಿಸುವುದಿಲ್ಲ, ಬರೆದ ಉತ್ತರಗಳು ಔಟ್‌ಬಾಕ್ಸ್‌ನಲ್ಲಿ ಕಾದಿದ್ದು ಕೊನೆಗೆ ಒಟ್ಟಿಗೆ ಹೋಗುತ್ತವೆ. ಮತ್ತೆ ಆನ್‌ಲೈನ್ ಮಾಡುವುದನ್ನು ಮರೆತರೆ ಸಂಜೆಯವರೆಗೆ ಒಂದೂ ಹೋಗಿರುವುದಿಲ್ಲ, ಅದೊಂದು ಎಚ್ಚರ.

ಫೋಲ್ಡರುಗಳ ಬಗ್ಗೆ ಒಂದು ಮಾತು. ಇಪ್ಪತ್ತು ಫೋಲ್ಡರು, ಅದರೊಳಗೆ ಉಪಫೋಲ್ಡರು ಮಾಡಿ ಪ್ರತಿ ಮೇಲನ್ನೂ ಜೋಡಿಸುವವರಿದ್ದಾರೆ. ಮೂಗಿಗಿಂತ ಮೂಗುತಿ ಭಾರ. ಸ್ಟೀವ್ ವಿಟೇಕರ್ ಮತ್ತು ಸಂಗಡಿಗರು 345 ಬಳಕೆದಾರರ ಹಳೆ ಮೇಲ್ ಹುಡುಕಾಟಗಳನ್ನು ಅಳೆದು 2011ರಲ್ಲಿ ಪ್ರಕಟಿಸಿದಾಗ, ಫೋಲ್ಡರ್ ತಡಕಿ ಹುಡುಕಲು ಸರಾಸರಿ 58 ಸೆಕೆಂಡ್, ಸರ್ಚ್ ಮಾಡಿದರೆ 17 ಸೆಕೆಂಡ್ ಹಿಡಿದಿತ್ತು. ಒಂದೇ ಆರ್ಕೈವ್ ಸಾಕು.

ಉತ್ತರ ಬರೆಯುವ ರೀತಿಯಿಂದಲೂ ಮರು ಮೇಲ್ ಇಳಿಯುತ್ತದೆ. "ಯಾವಾಗ ಸಿಗೋಣ?" ಎಂದು ಕೇಳಿದರೆ ಕನಿಷ್ಠ ನಾಲ್ಕು ಮೇಲ್ ಓಡಾಡುತ್ತವೆ. "ಮಂಗಳವಾರ ಹನ್ನೊಂದು ಅಥವಾ ಬುಧವಾರ ಮೂರು ಗಂಟೆ, ಎರಡೂ ಆಗದಿದ್ದರೆ ನಿಮಗಾಗುವ ಎರಡು ಹೊತ್ತು ತಿಳಿಸಿ" ಎಂದರೆ ಒಂದರಲ್ಲಿ ಮುಗಿಯಬಹುದು. ರಾತ್ರಿ ಹತ್ತಕ್ಕೆ ಬರೆದದ್ದನ್ನು ಬೆಳಿಗ್ಗೆ ಹೋಗುವಂತೆ 'ಶೆಡ್ಯೂಲ್ ಸೆಂಡ್' ಮಾಡಿ. ರಾತ್ರಿಯೇ ಕಳಿಸಿದರೆ ರಾತ್ರಿಯೂ ಉತ್ತರಿಸುವವರು ಎಂಬ ಹೆಸರು ಬರುತ್ತದೆ.

ಬರುವುದನ್ನು ತಗ್ಗಿಸಲು ಅನ್‌ಸಬ್‌ಸ್ಕ್ರೈಬ್ ಇದೆ. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ಅವಕಾಶ ಕೊಡಬೇಕೆಂದು 2024ರಲ್ಲಿ ಗೂಗಲ್ ನಿಯಮ ತಂದಿದೆ, ಹಾಗಾಗಿ ಈಗ ಇದು ಸುಲಭ. ಪರಿಚಯವೇ ಇಲ್ಲದ ಕಡೆಯಿಂದ ಬಂದ ಸ್ಪ್ಯಾಮಿನೊಳಗಿನ ಲಿಂಕನ್ನು ಮಾತ್ರ ಒತ್ತಬೇಡಿ. ವಿಳಾಸ ಜೀವಂತವಿದೆ ಎಂದು ನೀವೇ ಸಾರಿದಂತಾಗುತ್ತದೆ. 'ಅನ್‌ಸಬ್‌ಸ್ಕ್ರೈಬ್' ಪದವಿರುವ ಎಲ್ಲವನ್ನೂ ಇನ್‌ಬಾಕ್ಸ್ ತಪ್ಪಿಸಿ ಬೇರೆ ಲೇಬಲ್ಲಿಗೆ ಕಳಿಸುವ ಫಿಲ್ಟರ್ ಹಾಕುವವರು ಮೊದಲ ಎರಡು ವಾರ ಆ ಲೇಬಲ್ಲನ್ನೂ ದಿನಕ್ಕೊಮ್ಮೆ ನೋಡಬೇಕು. ಟಿಕೆಟ್, ಬಿಲ್ಲು, ಬ್ಯಾಂಕಿನ ಮೇಲ್‌ಗಳಲ್ಲೂ ಆ ಪದ ಇರಬಹುದು.

ಎಲ್ಲಿ ಕೆಡುತ್ತದೆ

ಮೊದಲೆರಡು ದಿನ ಹುಮ್ಮಸ್ಸು. ಮೂರರಿಂದ ಐದನೇ ದಿನ ತುಡಿತ ಮೊದಲಿಗಿಂತ ಹೆಚ್ಚಾದಂತೆ ಅನ್ನಿಸಬಹುದು. ಕಾಳು ನಿಂತಾಗ ಹಕ್ಕಿಯೂ ಮೊದಲು ಇನ್ನಷ್ಟು ಜೋರಾಗಿ ಕುಕ್ಕಿ ಆಮೇಲೆ ನಿಲ್ಲಿಸುತ್ತದೆ. ಈ ಹಂತವನ್ನು ಸೋಲೆಂದು ಓದಿಕೊಂಡು ಬಿಡುವವರೇ ಜಾಸ್ತಿ.

ಎರಡನೇ ಎಡವಟ್ಟು, ಒಂದು ಮೇಲ್ ತಪ್ಪಿಹೋಗಿ ಯಾರೋ ಆಕ್ಷೇಪಿಸುವುದು. ಆಗ ಇಡೀ ಏರ್ಪಾಡನ್ನು ಕಿತ್ತುಹಾಕದೆ, ಆ ಒಂದು ಮೇಲ್ ಯಾಕೆ ತಪ್ಪಿತು ನೋಡಿ. ಸಾಮಾನ್ಯವಾಗಿ ಆ ವ್ಯಕ್ತಿ ತುರ್ತಿನ ಪಟ್ಟಿಯಲ್ಲಿರಬೇಕಿತ್ತು, ಅಥವಾ ಎರಡು ಹೊತ್ತುಗಳ ನಡುವಿನ ಅಂತರ ಆ ದಿನದ ಮಟ್ಟಿಗೆ ಉದ್ದವಾಯಿತು. ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಮುಗಿಯಿತು.

ಮೂರನೆಯದು ರಜೆಯಿಂದ ಮರಳಿದ ದಿನ. ಐನೂರು ಮೇಲ್ ಕಂಡು ಹೊತ್ತುಗೊತ್ತು ಮರೆಯುತ್ತದೆ. ಆ ದಿನಕ್ಕೆಂದು ಒಂದೂವರೆ ಗಂಟೆಯ ಎರಡು ಹೊತ್ತು ಮೊದಲೇ ಕ್ಯಾಲೆಂಡರಿನಲ್ಲಿ ಹಿಡಿದಿಟ್ಟು, ಹೊಸದರಿಂದ ಹಳೆಯದರ ಕಡೆಗೆ ಹೋಗಿ. ಅರ್ಧಕ್ಕರ್ಧ ಪ್ರಶ್ನೆಗಳಿಗೆ ಅದೇ ಸರಣಿಯ ಕೊನೆಯಲ್ಲಿ ಬೇರೆ ಯಾರೋ ಉತ್ತರಿಸಿರುತ್ತಾರೆ.

ಎಷ್ಟು ದಿನ ಹಿಡಿಯುತ್ತದೆ? ಫಿಲಿಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತ ಮುಟ್ಟಲು ಸುಮಾರು 66 ದಿನ ಬೇಕಾಗಿತ್ತು, ಆದರೆ ವ್ಯಾಪ್ತಿ 18ರಿಂದ 254 ದಿನ. 21 ದಿನದಲ್ಲಿ ಅಭ್ಯಾಸ ಬೇರೂರುತ್ತದೆ ಎಂಬ ಕಥೆಯನ್ನು ನಂಬಬೇಡಿ. ಅದೇ ಅಧ್ಯಯನದಲ್ಲಿ ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ.

ನಾಲ್ಕು ವಾರ ಕಳೆದ ಮೇಲೆ ಮತ್ತೆ ಮೂರು ದಿನ ಹಾಳೆ ಇಡಿ. 'ಸ' ಸೊನ್ನೆ ಇರಬೇಕು; ಇಲ್ಲದಿದ್ದರೆ ಯಾವುದೋ ಸಾಧನದ, ಟ್ಯಾಬ್ಲೆಟ್ಟೋ ಕೈಗಡಿಯಾರವೋ, ನೋಟಿಫಿಕೇಶನ್ ಆರಿಸುವುದು ಮರೆತಿದೆ. 'ಹು' ಒಂದೆರಡು ಉಳಿದಿದ್ದರೆ ಯಾವ ಫೈಲಿಗಾಗಿ ಹೋದಿರೆಂದು ಬರೆದುಕೊಂಡು ಅದಕ್ಕೆ ಬೇರೆ ಜಾಗ ಮಾಡಿ. 'ಬೇ' ಇನ್ನೂ ಹತ್ತರ ಮೇಲಿದ್ದರೆ ಪ್ರತಿ ಗೀಟಿನ ಪಕ್ಕ ಆಗ ಯಾವ ಕೆಲಸದಲ್ಲಿದ್ದಿರೆಂದು ಬರೆಯಿರಿ. ಬಹಳ ಸಲ ಒಂದೇ ಕೆಲಸದ ಹೆಸರು ಮತ್ತೆ ಮತ್ತೆ ಬರುತ್ತದೆ. ಆಗ ತಿದ್ದಬೇಕಾದದ್ದು ಮೇಲ್ ಸೆಟ್ಟಿಂಗ್ಸ್ ಅಲ್ಲ. ಆ ಕೆಲಸವನ್ನು ಒಡೆಯಬೇಕು, ಯಾರನ್ನಾದರೂ ಕೇಳಬೇಕು, ಅಥವಾ ತನ್ನಿಂದಾಗದು ಎಂದು ಹೇಳಬೇಕು.